ನನ್ನ ಮೈದುನ ತೆಗೆದ ಚಂದದ ಫೋಟೋ

ನಿಮ್ಮ ಮೈದುನ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನಾನು "ಕಾಯ್ತಾನೆ" ಅನ್ನುತ್ತಿದ್ದೆ. ತಮಾಷೆಗಲ್ಲ. ಬೆಳಿಗ್ಗೆ ಎದ್ದರೆ ಫೋನ್ ಬರಲಿ ಎಂದು ಕಾಯುವುದು, ಬಂದರೆ ಅವರು ಹೇಳುವ ತಿದ್ದುಪಡಿಗೆ ಕಾಯುವುದು, ಕ್ಯಾಮೆರಾ ಹೆಗಲಿಗೇರಿಸಿ ಹೊರಟರೆ ಬೆಳಕಿಗೆ ಕಾಯುವುದು. ನನ್ನ ಗಂಡ ಪಾರ್ಸೆಲ್ ವ್ಯಾನ್ ಓಡಿಸುತ್ತಾರೆ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಕೂರಿಸಿ ಎಬ್ಬಿಸುವವಳು. ನಮ್ಮಿಬ್ಬರಿಗೂ ಯಾವುದಕ್ಕೂ ಕಾಯುವ ಭಾಗ್ಯ ಇರಲಿಲ್ಲ.

ಮನೆಯ ಮುಂದಿನ ಕೋಣೆ ಅವನದು. ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿ, ಕಿಟಕಿಗೆ ನನ್ನ ಒಳ್ಳೇ ಕಂಬಳಿಯನ್ನೇ ಮೊಳೆ ಹೊಡೆದು ತೂಗುಬಿಟ್ಟು, ಅದನ್ನು ಸ್ಟುಡಿಯೋ ಎಂದು ಕರೆದ. ಒಳಗೆ ಒಂದು ಕೀಬೋರ್ಡ್, ಒಂದು ಮೈಕು, ಒಂದು ಕಂಪ್ಯೂಟರು, ಟೀ ಒಣಗಿ ತಳಕ್ಕಂಟಿದ ನನ್ನ ಮನೆಯ ಅಷ್ಟೂ ಕಪ್ಪುಗಳು. ಸೋಪಿನ ಜಾಹೀರಾತಿಗೆ, ಟೈಲ್ಸ್ ಅಂಗಡಿಗೆ, ಟ್ಯೂಷನ್ ಕ್ಲಾಸಿಗೆ ಅಲ್ಲಿ ಟ್ಯೂನ್ ಹುಟ್ಟುತ್ತಿತ್ತು. "ಸ್ವಲ್ಪ ಖುಷಿ ಜಾಸ್ತಿ ಮಾಡಿ" ಎಂದು ಟೈಲ್ಸಿನವನು ಫೋನಿನಲ್ಲಿ ಅಂದರೆ ಇವನು ದಿನವಿಡೀ ಅದದೇ ಸ್ವರ ಬಾರಿಸಿ ಖುಷಿ ಜಾಸ್ತಿ ಮಾಡುತ್ತಿದ್ದ. ಅಷ್ಟಷ್ಟೇ ನನ್ನ ಖುಷಿ ಕಡಿಮೆಯಾಗುತ್ತಿತ್ತು.

"ಅತ್ತಿಗೆ, ಆ ಕುಕ್ಕರ್ ಒಂದ್ ನಿಮಿಷ ಆಫ್ ಮಾಡ್ತೀರಾ? ರೆಕಾರ್ಡಿಂಗ್ ನಡೀತಿದೆ."

"ಮಾಡ್ತೀನಪ್ಪ. ಮಧ್ಯಾಹ್ನ ತಟ್ಟೆಗೆ ಹಾಡೇ ಬಡಿಸ್ತೀನಿ, ಹೊಟ್ಟೆ ತುಂಬ ತಿನ್ನು."

ಅವನು ನಗುತ್ತಿದ್ದ. ಬೈದರೆ ಎದುರು ಬೈಯಬೇಕು, ಇಲ್ಲವೇ ಮುಖ ಊದಿಸಿಕೊಳ್ಳಬೇಕು. ಎರಡೂ ಮಾಡದೆ ಹಲ್ಲು ಬಿಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ನನ್ನ ಗಂಡನಿಗೆ ಹೇಳಿದರೆ, "ಹೋಗ್ಲಿ ಬಿಡೇ, ಮನೇಲಿ ಒಬ್ಬ ಕಲಾವಿದ ಇರ್ಲಿ" ಎಂದು ಮಗ್ಗುಲಾಗುತ್ತಿದ್ದರು. ಇನ್ನು ಮೂರನೇ ಕ್ಲಾಸಿನ ನಮ್ಮ ಪುಟ್ಟಿಯಂತೂ ಚಿಕ್ಕಪ್ಪ ಕೂರು ಎಂದರೆ ಕೂರುವವಳು, ನಿಲ್ಲು ಎಂದರೆ ನಿಲ್ಲುವವಳು. ಅವನು ಕೊಡಿಸಿದ ಮೌತ್ ಆರ್ಗನ್ ಊದಿ ಊದಿ ನನ್ನ ತಲೆ ತಿನ್ನುತ್ತಿದ್ದಳು.

ಶಾಲೆಯ ಗ್ರೂಪ್ ಫೋಟೋ, ಅಂಗಡಿಯ ಬೋರ್ಡು, ಮನೆ ಮಾರುವವರಿಗೆ ಕೋಣೆಗಳ ಫೋಟೋ, ಇವೆಲ್ಲ ಅವನ ಹೊಟ್ಟೆಪಾಡು. ಸ್ವಂತಕ್ಕೆ ತೆಗೆಯುತ್ತಿದ್ದದ್ದೇ ಬೇರೆ. ಮ್ಯಾನ್‌ಹೋಲಿಗೆ ಇಳಿಯುವವರು, ಕುರ್ಚಿಯಲ್ಲೇ ನಿದ್ದೆ ಹೋದ ವಾಚ್‌ಮನ್‌ಗಳು, ಗಾಡಿ ಕಿತ್ತುಕೊಳ್ಳಲು ಬಂದ ಲಾರಿಯ ಮುಂದೆ ಕೂತ ತರಕಾರಿಯವರು. ಸಮಾಜದ ಭೂತ ಮೆಟ್ಟಿಕೊಂಡಿತ್ತು ಅವನಿಗೆ. "ಮೊದ್ಲು ಈ ಮನೆ ಸಮಾಜ ನೋಡು, ಬಚ್ಚಲು ಕಟ್ಕೊಂಡಿದೆ" ಎಂದರೆ, "ಸಂಜೆ ಮಾಡ್ತೀನಿ ಅತ್ತಿಗೆ" ಎನ್ನುವುದು. ಅವನ ಸಂಜೆ ಯಾವತ್ತೂ ಬರಲಿಲ್ಲ. ಬಚ್ಚಲಿಗೆ ನಾನೇ ಕೈ ಹಾಕಿದೆ.

ನಮ್ಮ ಬೀದಿಯ ಹಿಂದೆ ಒಂದು ಕಾಲುವೆ. ಅದರ ಮೇಲ್ತುದಿಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ನೀರು ಒಂದು ದಿನ ಕೆಂಪು, ಒಂದು ದಿನ ನೀಲಿ. ನಾತಕ್ಕೆ ಹಿಂದಿನ ಕಿಟಕಿ ತೆರೆಯುವಂತಿರಲಿಲ್ಲ. ಮಾಲಿನ್ಯ ನಿಯಂತ್ರಣದ ಆಫೀಸಿನಿಂದ ಪರೀಕ್ಷೆಗೆ ಬರುವ ದಿನ ಕಾರ್ಖಾನೆಯವರಿಗೆ ಅದು ಹೇಗೋ ಮೊದಲೇ ತಿಳಿದಿರುತ್ತಿತ್ತು, ಅವತ್ತು ಮಾತ್ರ ನೀರು ತಿಳಿಯಾಗಿರುತ್ತಿತ್ತು. ಬೀದಿಯಲ್ಲಿ ಇದರ ಬಗ್ಗೆ ಮೊದಲು ಸಿಟ್ಟಾದವನು ಮೈದುನನೇ. ಆ ಮಾತಿನಲ್ಲಿ ನಾನು ಮೋಸ ಮಾಡುವುದಿಲ್ಲ. ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ದು ಫೋಟೋ ತೆಗೆದ, ವಿಡಿಯೋ ಮಾಡಿದ, ಅದಕ್ಕೆ ತಾನೇ ಒಂದು ಟ್ಯೂನ್ ಹಾಕಿದ.

ಎಡವಟ್ಟು ಏನೆಂದರೆ, ಅವನ ಕೈಗೆ ಒಂದು ಕೊಳಕು ಫೋಟೋ ತೆಗೆಯಲು ಬರುತ್ತಿರಲಿಲ್ಲ. ಬಿಸಿಲು ಇಳಿಯಲಿ, ಮೋಡ ಸರಿಯಲಿ ಎಂದು ಕಾದು ಕಾದು ತೆಗೆದರೆ ವಿಷವೂ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ವಿಡಿಯೋ ನೋಡಿದ ಪಕ್ಕದ ಮನೆಯ ಟೈಲರಮ್ಮ, "ಅಯ್ಯೋ ಎಷ್ಟ್ ಚಂದ ಇದೆ! ಎಲ್ಲಿ ಈ ಜಾಗ?" ಎಂದು ಕೇಳಿದಳು.

"ನಿಮ್ಮ ಹಿತ್ತಲ ಹಿಂದೆ" ಎಂದೆ ನಾನು. ಆಮೇಲೆ ಅವನ ಕಡೆ ತಿರುಗಿ ಹೇಳಿದೆ: "ನೀನು ಹೆಣದ ಫೋಟೋ ತೆಗೆದ್ರೂ ಅದು ಮಲಗಿಕೊಂಡು ನಗ್ತಿರುತ್ತೆ ಕಣೋ."

ಆ ಸಲ ಅವನು ನಗಲಿಲ್ಲ.

ಅಷ್ಟರಲ್ಲಿ ಪುಟ್ಟಿಯ ಕಾಲಿಗೆ ಬಂತು. ಒಂದು ಬೆಳಿಗ್ಗೆ ಅಂಗಾಲೆಲ್ಲ ಬೊಬ್ಬೆ, ಮಾರನೇ ದಿನಕ್ಕೆ ಚರ್ಮ ಸುಲಿದು ರಕ್ತ. ಶೂ ಹಾಕುವಂತಿಲ್ಲ, ನೆಲಕ್ಕೆ ಊರುವಂತಿಲ್ಲ. ಡಾಕ್ಟರು ಯಾವುದೋ ರಾಸಾಯನಿಕ ತಾಗಿದೆ ಎಂದರು. "ಎಲ್ಲಿಗಾದ್ರೂ ಹೋಗಿದ್ಯಾ ಪುಟ್ಟಿ? ಏನಾದ್ರೂ ತುಳಿದ್ಯಾ?" ಎಂದು ನಾನು ಕೇಳಿ ಕೇಳಿ ಸೋತೆ. ಅವಳದು ಒಂದೇ ಮಾತು, "ಗೊತ್ತಿಲ್ಲಮ್ಮ."

ಹಿತ್ತಲಿನ ನಮ್ಮ ಬಾವಿಗೆ ಕಾಲುವೆ ನೀರು ಇಂಗಿದೆ, ಬೇರೆ ಮಾತೇ ಇಲ್ಲ ಎಂದು ನಾನು ತೀರ್ಮಾನಿಸಿದೆ. ಅಲ್ಲಿಂದ ನಾನು ಮನುಷ್ಯಳಾಗಿ ಉಳಿಯಲಿಲ್ಲ. ಬೀದಿಯ ಬಾಗಿಲು ಬಾಗಿಲು ಬಡಿದು ಜನ ಕೂಡಿಸಿದೆ. ಆಫೀಸಿನ ಮೆಟ್ಟಿಲು ಸವೆಯುವಷ್ಟು ಹತ್ತಿದೆ. ಪ್ರತಿ ಸಲವೂ ಪುಟ್ಟಿಯನ್ನು ಕರೆದುಕೊಂಡು ಹೋಗಿ, ಬ್ಯಾಂಡೇಜ್ ಬಿಚ್ಚಿ ಅವರ ಮೇಜಿನ ಮುಂದೆ ಕಾಲು ತೋರಿಸಿದೆ. ಅವಳನ್ನು ಹೊತ್ತು ತರುತ್ತಿದ್ದವನು ಮೈದುನ. ನಾನು ಗಂಟಲು ಹರಿದುಕೊಂಡು ಬಾವಿ ನೀರು, ಬಾವಿ ನೀರು ಎನ್ನುತ್ತಿದ್ದರೆ ಅವನು ಅವಳನ್ನು ಎತ್ತಿಕೊಂಡು ಗೋಡೆ ನೋಡುತ್ತಾ ನಿಂತಿರುತ್ತಿದ್ದ. ಅಂತೂ ಕೊನೆಗೆ ವಿಚಾರಣೆಗೆ ದಿನ ಗೊತ್ತಾಯಿತು. ಕಾರ್ಖಾನೆಯ ಕೊಳವೆ ಮುಚ್ಚಿಸುವುದೋ ಬಿಡುವುದೋ ಅವತ್ತೇ ನಿರ್ಧಾರ.

ಅದೇ ದಿನಗಳಲ್ಲಿ ಅವನ ಒಂದು ಫೋಟೋಗೆ ಹೆಸರು ಬಂತು. ಕೆಂಪು ಹೊನ್ನಾದ ಕಾಲುವೆ ನೀರು, ಅದರಲ್ಲಿ ಬೆಳಕಿಗೆ ಎದುರಾಗಿ ಕಪ್ಪಗೆ ಕಾಣುವ ಎರಡು ಪುಟ್ಟ ಕಾಲು, ಮೊಣಕಾಲಿನಿಂದ ಮೇಲಕ್ಕೆ ಫೋಟೋದಲ್ಲಿ ಏನೂ ಇಲ್ಲ. ಪತ್ರಿಕೆಯೊಂದು ಮುಖಪುಟಕ್ಕೆ ಹಾಕಿತು. ಪ್ರದರ್ಶನದಲ್ಲಿ ಇಟ್ಟರು. ಟೈಲ್ಸಿನವನು ಕೂಡ ಫೋನಿನಲ್ಲಿ "ಸರ್" ಎನ್ನತೊಡಗಿದ. ಯಾರ ಮಗು ಎಂದು ಕೇಳಿದ್ದಕ್ಕೆ, "ಅಲ್ಲಿ ಆಡ್ತಿದ್ದ ಯಾವುದೋ ಮಗು ಅತ್ತಿಗೆ" ಎಂದು ಕಂಪ್ಯೂಟರಿನ ಕಡೆ ತಿರುಗಿಕೊಂಡ.

ವಿಚಾರಣೆಯ ಕೋಣೆ ಇಕ್ಕಟ್ಟು. ಪ್ಲಾಸ್ಟಿಕ್ ಕುರ್ಚಿ, ಕಿರುಗುಟ್ಟುವ ಫ್ಯಾನು, ಕಣ್ಣಿಗೆ ಕನ್ನಡಕ ಏರಿಸಿ ಇಳಿಸುತ್ತಿದ್ದ ಅಧಿಕಾರಿಣಿ. ಕಾರ್ಖಾನೆಯ ವಕೀಲ ಬೆಣ್ಣೆಯಂತೆ ಮಾತಾಡುವವನು. ಅಂಥವರನ್ನು ಕಂಡರೇ ನನಗೆ ಆಗುವುದಿಲ್ಲ.

"ಈ ತಾಯಿ ನೋವು ನಮಗೂ ಅರ್ಥ ಆಗುತ್ತೆ ಮೇಡಂ. ಆದ್ರೆ ಇವರ ಬಾವಿ ನೀರನ್ನ ನಿಮ್ಮವರೇ ಪರೀಕ್ಷೆ ಮಾಡಿದ್ದಾರೆ. ಏನೂ ದೋಷ ಇಲ್ಲ. ಮಗು ಕಾಲಿಗೆ ಸೋಪು ಆಗಿಲ್ಲವೋ, ಶೂ ಆಗಿಲ್ಲವೋ."

ಬಾವಿ ನೀರು ಶುದ್ಧವಾಗಿತ್ತು. ಹಿಂದೆ ಕೂತ ನಮ್ಮ ಬೀದಿಯವರು ಪಿಸಪಿಸ ಶುರುಮಾಡಿದರು. ಆಗ ವಕೀಲ ಚೀಲದಿಂದ ಒಂದು ಫ್ರೇಮು ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಮೈದುನನ ಫೋಟೋ. ನಮ್ಮ ಮಾಲೀಕರು ಇದನ್ನು ಮೆಚ್ಚಿ ತಮ್ಮ ಕೋಣೆಯಲ್ಲಿ ತೂಗುಹಾಕಿದ್ದಾರೆ ಎಂದ.

"ತೆಗೆದವರು ಇದೇ ಅಮ್ಮನ ಮೈದುನ. ಕಾಲುವೆ ನೀರಲ್ಲಿ ಮಗು ಆರಾಮಾಗಿ ಆಡ್ತಿದೆ. ವಿಷ ಆಗಿದ್ರೆ ಮಗು ಹೀಗೆ ನಿಲ್ಲುತ್ತಾ? ನೀವೇ ಹೇಳಿ."

ಅಧಿಕಾರಿಣಿ ಕನ್ನಡಕ ಏರಿಸಿ ನೋಡಿದಳು. "ಚೆನ್ನಾಗಿದೆ" ಎಂದಳು. ಯಾರೋ ನಕ್ಕರು. ನನಗೆ ತಲೆ ಕೆಟ್ಟುಹೋಯಿತು.

"ಬಾಯಿ ಬಿಡೋ!" ಎಂದು ಪಕ್ಕದಲ್ಲಿ ಕೂತಿದ್ದ ಮೈದುನನ ಮೇಲೆ ಎಲ್ಲರೆದುರೇ ಹರಿಹಾಯ್ದೆ. "ನಿನ್ನ ಫೋಟೋ ನಮ್ಮ ಕುತ್ತಿಗೆಗೆ ಬಂದಿದೆ. ಏನಾದ್ರೂ ಹೇಳು!"

ಅವನು ಎದ್ದು ನಿಂತ.

"ಆ ಮಗು ಆಡ್ತಿಲ್ಲ ಮೇಡಂ. ನಾನು ನಿಲ್ಲಿಸಿದ್ದು. ನಮ್ಮ ಅಣ್ಣನ ಮಗಳು ಅದು." ಅಲ್ಲಿಂದ ಮುಂದೆ ಅವನು ನನ್ನನ್ನೇ ನೋಡಿ ಹೇಳಿದ. "ಚಿಕ್ಕಪ್ಪ, ಉರೀತಿದೆ ಅಂದ್ಲು. ಸ್ವಲ್ಪ ತಡಿ ಪುಟ್ಟಿ, ಬೆಳಕು ಬರ್ತಿದೆ ಅಂದೆ. ಸೂರ್ಯ ಮೋಡದ ಹಿಂದೆ ಇದ್ದ. ಮತ್ತೆ ಅಂದ್ಲು. ಅಲ್ಲಾಡಬೇಡ ಅಂದೆ. ಮಾರನೇ ಬೆಳಿಗ್ಗೆ ಕಾಲೆಲ್ಲ ಬೊಬ್ಬೆ. ಬಾವಿ ನೀರಲ್ಲ ಅತ್ತಿಗೆ. ಇದೇ ನೀರು."

ವಕೀಲ ಮೆಲ್ಲಗೆ ಫ್ರೇಮನ್ನು ಕವುಚಿ ಹಾಕಲು ಹೋದ. "ಇರಲಿ, ಅದನ್ನ ಮುಟ್ಟಬೇಡಿ" ಎಂದಳು ಅಧಿಕಾರಿಣಿ. ಅವಳ ಪೆನ್ನು ಮೊದಲ ಸಲ ಓಡತೊಡಗಿತ್ತು. "ಇನ್ನೊಂದ್ಸಲ ಹೇಳಿ. ನಿಧಾನವಾಗಿ."

ಅವನು ಇನ್ನೊಮ್ಮೆ ಹೇಳಿದ. ಅದನ್ನು ಎರಡು ಸಲ ಕೇಳಬೇಕಾಯಿತು ನಾನು. ನನ್ನ ಕೈ ತಾನಾಗಿಯೇ ಎದ್ದಿತ್ತು. ಟೈಲರಮ್ಮ ಹಿಡಿದುಕೊಂಡಳು.

"ಎಷ್ಟು ಹೊತ್ತೋ?" ಎಂದೆ. "ನನ್ನ ಮಗೂನ ಎಷ್ಟು ಹೊತ್ತು ನಿಲ್ಲಿಸಿದ್ದೆ?"

"ಬೆಳಕು ಬರೋವರೆಗೆ" ಎಂದ.

ಅವತ್ತೇ ಆಫೀಸಿನವರು ಯಾರಿಗೂ ಮೊದಲೇ ತಿಳಿಸದೆ ಬಂದು ಪರೀಕ್ಷೆಗೆ ಕಾಲುವೆ ನೀರು ಹಿಡಿದರು. ಅದೇ ವಾರ ಕೊಳವೆಗೆ ಸಿಮೆಂಟ್ ಬಿತ್ತು. ನಮ್ಮ ಬೀದಿಯವರು ಮನೆ ಬಾಗಿಲಿಗೆ ಬಂದರು. ತನ್ನ ತಪ್ಪು ತಾನೇ ಬಾಯಿಬಿಟ್ಟು ಹೇಳಿದ, ದೊಡ್ಡ ಮನಸ್ಸು ಎಂದು ಹೊಗಳಿದರು. ದೊಡ್ಡ ಮನಸ್ಸಂತೆ! ನಾನು ಮಗುವಿನ ಕಾಲು ಹಿಡಿದುಕೊಂಡು ಊರಿಗೆಲ್ಲ ಬ್ಯಾಂಡೇಜ್ ಬಿಚ್ಚಿ ತೋರಿಸುವಾಗ ಆ ಮನಸ್ಸು ಎಲ್ಲಿ ಮಲಗಿತ್ತು? ಅವರ ಮುಖದ ಮೇಲೇ ಬಾಗಿಲು ಹಾಕಿದೆ. ಅವನು ಹೇಳದಿದ್ದರೆ ಕೊಳವೆ ಮುಚ್ಚುತ್ತಿರಲಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದೂ ನಾನು ಅವನನ್ನು ಕ್ಷಮಿಸಿಲ್ಲ.

"ನಿನ್ನ ಸಾಮಾನು ತಗೊಂಡು ಹೊರಡು" ಎಂದೆ. ನನ್ನ ಗಂಡ ಕೀಬೋರ್ಡ್ ಎತ್ತಿ ವ್ಯಾನಿಗೆ ಇಟ್ಟು ಬಂದರು, ಮತ್ತೆ ಮೈಕು, ಮತ್ತೆ ಕಂಪ್ಯೂಟರು. ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಡುವಾಗ ಅವನು ಬಾಗಿಲಲ್ಲಿ ನಿಂತು, "ಪುಟ್ಟೀನ ಒಂದ್ಸಲ ನೋಡ್ಲಾ ಅತ್ತಿಗೆ?" ಎಂದ. ಬೇಡ ಎನ್ನುವಷ್ಟರಲ್ಲಿ ಅವಳೇ ಹಿಮ್ಮಡಿಯ ಮೇಲೆ ನಡೆಯುತ್ತಾ ಬಂದಳು. ಮುಂಗಾಲು ಇನ್ನೂ ಎಳೆ ಚರ್ಮ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ನನ್ನದೇ ಸಿಟ್ಟು. ಅಂತೂ ನನ್ನ ಪಕ್ಷಕ್ಕೆ ಬಂದಳು ಎಂದುಕೊಂಡೆ.

"ಚಿಕ್ಕಪ್ಪ," ಎಂದಳು, "ಅಮ್ಮ ಎಷ್ಟ್ ಕೇಳಿದ್ರೂ ನಾನು ಹೇಳ್ಲಿಲ್ಲ. ನೀನ್ಯಾಕೆ ಹೇಳ್ದೆ?"