ಸಾಹೇಬರ ಕೋಣೆಯ ಒಳಬಾಗಿಲು

ಮೊನ್ನೆ ಚಿತ್ತಾಪುರದ ನಮ್ಮ ಕಚೇರಿಯಲ್ಲಿ ನೌಕರರ ಆರೋಗ್ಯ ಮತ್ತು ಶಿಸ್ತಿನ ಬಗ್ಗೆ ತರಬೇತಿ ಇತ್ತು. ಸಭಾಂಗಣ ತೊಳೆದು ಧಾರಾಳವಾಗಿ ಫಿನೈಲ್ ಸುರಿದಿದ್ದರು. ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಎಳೆದುಕೊಳ್ಳಿ ಎಂದರು ತರಬೇತುದಾರರು. ಉಳಿದವರೊಳಗೆ ಶಾಂತಿ ಹೋಯಿತೋ ಏನೋ, ನನ್ನೊಳಗೆ ಫಿನೈಲ್ ಹೋಯಿತು. ಅದರ ಬೆನ್ನಿಗೇ ಸೇಡಂನ ಹಳೆಯ ಕಚೇರಿಯೂ ಶರಣಮ್ಮಕ್ಕನೂ ನುಗ್ಗಿ ಬಂದರು.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಸೇಡಂನಲ್ಲಿ. ಮನೆ ಶಹಾಬಾದ್, ವಾಡಿಯಲ್ಲಿ ರೈಲು ಬದಲಿಸಿ ಹೋಗುತ್ತಿದ್ದೆ. ನೀವು ಬೇಸಿಗೆಯಲ್ಲಿ ನಮ್ಮ ಕಡೆ ಬಂದಿದ್ದರೆ ಗೊತ್ತಿರುತ್ತದೆ, ಬಿಸಿಲು ಏರುವ ಮೊದಲೇ ನೆಲಕ್ಕೆ ಹಾಸಿದ ಫರ್ಸಿಕಲ್ಲು ಕಾದು ಹೆಂಚಾಗಿರುತ್ತದೆ, ಚಪ್ಪಲಿಯ ಅಟ್ಟೆ ಅಂಟುತ್ತದೆ. ಅಂಥ ಊರಿನಲ್ಲಿ ಕಚೇರಿಯ ಹೆಂಗಸರೆಲ್ಲ ಸೇರಿ ಒಂದು ವಿದ್ಯೆ ಸಾಧಿಸಿದ್ದೆವು: ದಿನವಿಡೀ ನೀರು ಕುಡಿಯದೆ ಇರುವುದು. ನಾನಂತೂ ಅದರಲ್ಲಿ ಪಂಡಿತೆ. ಮನೆಯಿಂದ ಒಯ್ದ ಬಾಟಲಿಯನ್ನು ಸಂಜೆ ತುಂಬಿದಂತೆಯೇ ವಾಪಸು ತರುತ್ತಿದ್ದೆ. ನಮ್ಮವ್ವ ಅದನ್ನು ನೋಡಿ, ಕಚೇರಿಯವರು ಮಗಳಿಗೆ ತಂಪು ನೀರು ಕೊಡುತ್ತಾರೆಂದು ಹಿಗ್ಗುತ್ತಿದ್ದಳು.

ಕಾರಣ ಸರಳ. ಹೆಂಗಸರಿಗೆಂದು ಕಟ್ಟಿದ ಶೌಚಾಲಯ ಇತ್ತು. ಬಾಗಿಲ ಮೇಲೆ ಹೆಂಗಸಿನ ಚಿತ್ರವೂ ಇತ್ತು. ಒಳಗೆ ಮಾತ್ರ ಕಾಲು ಮುರಿದ ಕುರ್ಚಿಗಳು ಸೂರಿನವರೆಗೆ ತುಂಬಿದ್ದವು. ನಾವು ಹಿಂದಿನ ಓಣಿಯ ಒಂದು ಮನೆಗೆ ಹೋಗಿ ಬರುತ್ತಿದ್ದೆವು. ಆ ಮನೆಯವರು ಒಳ್ಳೆಯವರು. ಆದರೆ ದಿನಾಲೂ ಇನ್ನೊಬ್ಬರ ಮನೆಯ ಹಿತ್ತಲಿಗೆ ಹೋಗುವಾಗ ಮುಖದ ಮೇಲೆ ಒಂದು ನಗು ಅಂಟಿಸಿಕೊಳ್ಳಬೇಕು ನೋಡಿ, ಅದು ಭಾಳ ದಣಿವಿನ ಕೆಲಸ.

ಅಷ್ಟರಲ್ಲಿ ಹೊಸ ಸಾಹೇಬರು ಬಂದರು. ಅವರಿಗೆ ಶಿಸ್ತೆಂದರೆ ಪ್ರಾಣ. ಕಚೇರಿಯ ವೇಳೆಯಲ್ಲಿ ಯಾರೂ ಕಾಂಪೌಂಡು ದಾಟಬಾರದು ಎಂದು ಆದೇಶ ಹೊರಡಿಸಿದರು. ಸಾಹೇಬರ ಕೋಣೆಯ ಗೋಡೆಯಲ್ಲಿ ಒಂದು ಒಳಬಾಗಿಲಿತ್ತು. ಅದರಾಚೆ ಅವರೊಬ್ಬರದೇ ಶೌಚಾಲಯ. ಹಾಗಾಗಿ ಅವರಿಗೆ ಕಾಂಪೌಂಡು ದಾಟುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ನೀರನ್ನು ಇನ್ನಷ್ಟು ಕಡಿಮೆ ಮಾಡಿದೆ. ಉರಿಮೂತ್ರ ಶುರುವಾಯಿತು, ಆಮೇಲೆ ಜ್ವರ. ಒಂದು ಮಧ್ಯಾಹ್ನ ಕುರ್ಚಿಯಿಂದ ಹಾಗೇ ಕೆಳಗೆ ಜಾರಿದೆ. ಕಣ್ಣು ಬಿಟ್ಟಾಗ ನನ್ನ ತಲೆ ಶರಣಮ್ಮಕ್ಕನ ತೊಡೆಯ ಮೇಲಿತ್ತು.

ಶರಣಮ್ಮಕ್ಕ ಸೇಡಂ ಹತ್ತಿರದ ಮುಧೋಳದವಳು, ನಮ್ಮೆಲ್ಲರಿಗಿಂತ ಹಿರಿಯ ಗುಮಾಸ್ತೆ. ಹಣೆಗೆ ಢಾಳಾಗಿ ವಿಭೂತಿ. ಧ್ವನಿ ಮಾತ್ರ ಎಂದೂ ಏರಿದ್ದಿಲ್ಲ. ಅವತ್ತೂ ಏರಲಿಲ್ಲ. ನನ್ನನ್ನು ದವಾಖಾನೆಗೆ ಕಳಿಸಿ ನೇರ ಸಾಹೇಬರ ಎದುರಿಗೆ ಹೋಗಿ ನಿಂತಳಂತೆ.

“ಸಾಹೇಬ್ರ, ಆ ಕುರ್ಚಿ ತೆಗಸಿ ನಮ್ಮ ಕೋಣಿ ನಮಗ ಕೊಡ್ರಿ.”

“ನೋಡೋಣಮ್ಮ. ಮೊದಲು ಆಫೀಸಿನಲ್ಲಿ ಶಿಸ್ತು ಬರಲಿ.”

“ಆತ್ರಿ,” ಎಂದು ಅಕ್ಕ ತಿರುಗಿ ಬಂದಳು.

ನಾನು ಚೇತರಿಸಿಕೊಂಡು ಹೋದ ದಿನ ಅಕ್ಕನ ಮೇಜಿನ ಮೇಲೆ ಮಣ್ಣಿನ ಸುರಾಯಿ ಇತ್ತು. ಎಲ್ಲರ ಎದುರಿಗೆ ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದಳು. “ನೀನೂ ಕುಡಿ ತಂಗಿ. ಕುಡಿಲಾರದೆ ಸತ್ತರ ಸರಕಾರ ಏನ್ ಶಾಲು ಹೊಚ್ಚಂಗಿಲ್ಲ,” ಎಂದಳು. ಕುಡಿದೆ. ಸಾಹೇಬರ ಕೋಣೆಯಲ್ಲಿ ಸಭೆ ನಡೆದಿತ್ತು. ಅಕ್ಕ ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲು ತಳ್ಳಿ ಒಳಗೆ ನಡೆದಳು. ಕುಳಿತವರ ನಡುವೆಯೇ ಹಾದು, ಗೋಡೆಯ ಆ ಬಾಗಿಲು ತೆರೆದು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ನಲ್ಲಿಯ ಸದ್ದು ಹೊರಗಿದ್ದ ನಮಗೂ ಕೇಳಿತು. ಅಕ್ಕ ಕೈ ಒರೆಸಿಕೊಳ್ಳುತ್ತ ಹೊರಬಂದು ಹೇಳಿದಳು: “ಕಾಂಪೌಂಡ್ ದಾಟಿಲ್ರಿ ಸಾಹೇಬ್ರ. ನಿಮ್ಮ ಆದೇಶದ ಪ್ರಕಾರನೇ ನಡದೀನಿ.”

ಮರುದಿನ ನಾನು ಹೋದೆ. ಗಾಬರಿಯಲ್ಲಿ ಸಾಹೇಬರಿಗೆ ನಮಸ್ಕಾರ ಹೇಳಿ ಒಳಗೆ ಹೋದೆ, ಹೊರಗೆ ಬರುವಾಗಲೂ ಮತ್ತೊಮ್ಮೆ ನಮಸ್ಕಾರ ಹೇಳಿದೆ. ನನ್ನ ಹಿಂದೆ ಉಳಿದವರು.

ಅಕ್ಕನಿಗೆ ನೋಟಿಸ್ ಬಂತು: ಸರಕಾರಿ ನೌಕರರಿಗೆ ತಕ್ಕುದಲ್ಲದ ನಡತೆ. ಕ್ಷಮೆ ಕೇಳಿದರೆ ಇಲ್ಲಿಗೇ ಮುಗಿಸುತ್ತೇವೆ ಎಂದು ಹಿರಿಯರೊಬ್ಬರು ಸಂಧಾನಕ್ಕೂ ಬಂದರು. ಅಕ್ಕ ಒಪ್ಪಲಿಲ್ಲ. ಕಲಬುರಗಿಯಿಂದ ವಿಚಾರಣೆಗೆ ಅಧಿಕಾರಿ ಬಂದರು. ಅವರು ಬರುವ ಹಿಂದಿನ ದಿನ ಮುರಿದ ಕುರ್ಚಿಗಳನ್ನು ಹೊರಹಾಕಿ, ನಮ್ಮ ಶೌಚಾಲಯ ತೊಳೆದು, ಫಿನೈಲ್ ಸುರಿದು ಘಮಘಮ ಮಾಡಿದ್ದರು. ಆ ಫಿನೈಲ್ ವಾಸನೆಯನ್ನು ನಾನು ಅತ್ತರಿನಂತೆ ಆಘ್ರಾಣಿಸಿದ್ದೇನೆ.

ವಿಚಾರಣೆಯಲ್ಲಿ ನಾನೂ ಸಾಕ್ಷಿ. “ಈಕೆ ಒಳಗೆ ಹೋದದ್ದನ್ನು ನೋಡಿದಿರಾ?” ಎಂದು ಕೇಳಿದರು.

“ನೋಡೀನ್ರಿ. ಮರುದಿನ ನಾನೂ ಹೋಗೀನ್ರಿ. ಅದನ್ನೂ ಬರಕೋರಿ,” ಎಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿತು.

ಅವರು ಅಕ್ಕನ ಕಡೆ ತಿರುಗಿದರು. “ನಿಮಗೆ ವಿಷಾದ ಇದೆಯೇ?”

“ಅದರಿ. ಇಷ್ಟು ವರ್ಷ ಸುಮ್ಮನ ಕುಂತಿದ್ದಕ್ಕ ಭಾಳ ವಿಷಾದ ಅದ.”

ವಾಗ್ದಂಡನೆ ಆಯಿತು, ಚಿಂಚೋಳಿಗೆ ವರ್ಗವೂ ಆಯಿತು. ಬೀಳ್ಕೊಡುಗೆಯ ದಿನ ನಾವೆಲ್ಲ ಅತ್ತೆವು; ಅಕ್ಕ ಒಬ್ಬಳೇ ಜೋಳದ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ನೆಮ್ಮದಿಯಿಂದ ಉಂಡಳು. ನಮ್ಮ ಕೋಣೆಗೆ ಮತ್ತೆ ಕುರ್ಚಿ ತುಂಬುವ ಧೈರ್ಯ ಯಾರಿಗೂ ಬರಲಿಲ್ಲ.

ಆ ತರಬೇತಿಯ ಮರುದಿನವೇ ನಮ್ಮ ಈಗಿನ ಅಧಿಕಾರಿಗಳು ನನ್ನನ್ನು ಕರೆದರು. ನಾನೀಗ ಈ ಚಿತ್ತಾಪುರದ ಕಚೇರಿಯಲ್ಲಿ ಶಿರಸ್ತೇದಾರಳು. ನೋಟಿಸುಗಳ ಕರಡು ಬರೆಯುವವಳು ನಾನೇ. ನಾಗವೇಣಿ ಎಂಬ ಹುಡುಗಿ ಹೆರಿಗೆ ರಜೆ ಮುಗಿಸಿ ಈಚೆಗೆ ಬಂದಿದ್ದಾಳೆ. ಸಂಜೆಯ ವಿಡಿಯೊ ಸಭೆಯ ನಡುವೆ, ಅವಳ ಅತ್ತೆ ಎತ್ತಿಕೊಂಡು ಬಂದಿದ್ದ ಕೂಸಿಗೆ ಹಾಲುಣಿಸಲು ಎದ್ದು ಹೋಗಿದ್ದಳು. ಅದಕ್ಕೆ ನೋಟಿಸ್ ತಯಾರು ಮಾಡಿ ಎಂದರು.

“ನಾ ಬರಿಯಂಗಿಲ್ರಿ ಸರ್,” ಎಂದೆ.

“ಹಾಗಾದರೆ ನೋಟಿಸ್ ನಿಮಗೇ ಬರುತ್ತದೆ.”

“ಕಳಸ್ರಿ. ಉತ್ತರ ಕೊಡ್ತೀನಿ.”

ಬಂತು. ನಿವೃತ್ತಳಾಗಿ ಮುಧೋಳದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಆಕೆ ನಕ್ಕಳು. “ಅಂಜಬ್ಯಾಡ ತಂಗಿ. ಚಿಂಚೋಳಿಗೆ ಹಾಕಿದ್ರ ಹೋಗು. ಅಲ್ಲಿ ಅಡವಿ ಗಾಳಿ ಛಲೋ ಅದ.”

ಇವತ್ತು ಸಂಜೆ ಮತ್ತೆ ಸಭೆ ಇತ್ತು. ಕೂಸು ಅಳುವ ಸದ್ದು ಕೇಳಿ ನಾಗವೇಣಿಯನ್ನು ನನ್ನ ಕೋಣೆಗೆ ಕಳಿಸಿದೆ. ಬಾಗಿಲು ಎಳೆದುಕೊಂಡು, ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆ. ಜವಾನ ಬಂದು, “ಮೇಡಂ, ಇಬ್ರನ್ನೂ ಸಾಹೇಬ್ರು ಕರೀಲಿಕತ್ತಾರ್ರಿ,” ಎಂದ.

“ಕೂಸು ಉಣ್ಣಲಿಕತ್ತದ. ಅದರದು ಮುಗದ ಮ್ಯಾಲೆ ಬರ್ತೀವಿ ಅಂತ ಹೇಳು,” ಎಂದೆ.