ಗೋಪುರದೊಳಗೆ ಕೇಳಿಸಿದ "ಬಿಡಿ"

ನಾನು ಮದುವೆಯಾಗಿ ಚಿಂತಾಮಣಿಗೆ ಬಂದಾಗಿನಿಂದ ಪೇಟೆಯ ಗೋಪುರದ ಗಡಿಯಾರ ನಡೆದದ್ದನ್ನು ನೋಡಿಯೇ ಇರಲಿಲ್ಲ. ಅದರ ಮುಳ್ಳುಗಳ ಮೇಲೆ ಪಾರಿವಾಳ ಕೂರುತ್ತಿದ್ದವು. ಮಕ್ಕಳೇ, ನಿಮ್ಮ ತಾತ ತೀರಿಹೋದ ಮೇಲೆ ಅವರ ವಾಚ್ ರಿಪೇರಿ ಅಂಗಡಿಯಲ್ಲಿ ನಿಮ್ಮಮ್ಮ ಕೂತಳಲ್ಲ, ಒಂದು ದಿನ ಪೇಟೆಯವರು ಬಂದು ಆ ಗಡಿಯಾರ ಸರಿ ಮಾಡಿಕೊಡಮ್ಮ ಎಂದರು. ನಾನು ಬಾಗಿಲ ಮರೆಯಿಂದ ಬೇಡ ಬೇಡ ಎಂದು ಕೈ ಅಲ್ಲಾಡಿಸಿದೆ. ಅವಳು ನೋಡಿಯೂ ನೋಡದ ಹಾಗೆ ಒಪ್ಪಿಕೊಂಡುಬಿಟ್ಟಳು.

ದಿಬ್ಬೂರಹಳ್ಳಿಯ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವಳು ನಾನು. ಗಂಡಸರ ಎದುರು ಬಾಯಿ ಬರುವುದಿಲ್ಲ. ಆದರೂ ಊಟದ ಡಬ್ಬಿಯ ನೆಪ ಮಾಡಿಕೊಂಡು ಅವಳ ಹಿಂದೆ ಹೋಗಿ ಗೋಪುರದ ಬಾಗಿಲಲ್ಲಿ ನಿಲ್ಲುತ್ತಿದ್ದೆ.

ಒಳಗೆ ಗೋಪುರ ಬಾವಿಯ ಹಾಗೆ ಟೊಳ್ಳು. ಗಡಿಯಾರವನ್ನು ನಡೆಸುವ ಕಬ್ಬಿಣದ ಗುಂಡು ನಡುವೆ ನೇತಾಡುತ್ತದೆ, ಒಂದು ಕರುವಿನಷ್ಟು ತೂಕ. ಅದರ ಹಳೇ ತಂತಿ ತುಕ್ಕು ತಿಂದಿತ್ತು. ಅದನ್ನು ಬದಲಿಸಲು ಗುಂಡಿಗೆ ನೈಲಾನ್ ಹಗ್ಗ ಕಟ್ಟಿ, ಮೇಲಿನ ರಾಟೆಗೆ ಹಾಯಿಸಿ, ಕೆಳಗಿಳಿಸಬೇಕಿತ್ತು. ಹಗ್ಗ ಹಿಡಿಯಲು ಟೊಮೇಟೊ ಮಂಡಿಯ ಮೂವರು ಹಮಾಲರು ಬಂದಿದ್ದರು. ಇಬ್ಬರು ಪ್ರಾಯದವರು, ಕೊನೆಯಲ್ಲಿ ಒಬ್ಬ ಮುದುಕಪ್ಪ.

ಅರ್ಧ ಇಳಿದ ಗುಂಡು ಗೋಡೆಯ ಕಂಬಿಗೆ ಸಿಕ್ಕಿಕೊಂಡಿತು. ನಿಮ್ಮಮ್ಮ ಏಣಿಯಿಂದ ಗೋಡೆಗೆ ಅಡ್ಡ ಹಾಕಿದ್ದ ಹಲಗೆಗೆ ಬಂದು, ಗುಂಡಿನ ಅಡಿಯಲ್ಲಿ ಬಗ್ಗಿ ಅದನ್ನು ಬಿಡಿಸತೊಡಗಿದಳು. ಕೆಳಗಿನಿಂದ ಅವಳ ಪಾದ ಮಾತ್ರ ಕಾಣುತ್ತಿತ್ತು.

ಮುಂದಿನ ಹಮಾಲನ ಬಾಯಲ್ಲಿ ಬೀಡಿ ಇತ್ತು.

"ಅಕ್ಕಯ್ಯಾ, ಹೊಗೆ ಬರ್ತೈತಾ ಮೇಲಕ್ಕೆ?"

"ಇವನ ಬೀಡಿ ಹೊಗೆಗೆ ಪಾರಿವಾಳನೇ ಊರು ಬಿಟ್ಟವೆ," ಎಂದ ಎರಡನೆಯವನು.

"ಪರವಾಗಿಲ್ಲ, ಬಿಡಿ!" ಎಂದಳು ನಿಮ್ಮಮ್ಮ.

ನಾವು ದಿನಕ್ಕೆ ಎಷ್ಟು ಸಲ ಹಾಗನ್ನುವುದಿಲ್ಲ? ಆದರೆ ಆ ಟೊಳ್ಳಿನಲ್ಲಿ ಮೊದಲ ಮಾತು ಕರಗಿ, ಕೆಳಗೆ ಬಂದದ್ದು "ಬಿಡಿ" ಒಂದೇ. ಬಿಡಿ, ಬಿಡಿ ಎಂದು ಗೋಡೆಗಳೂ ಹೇಳಿದವು. ಮುಂದಿನ ಇಬ್ಬರೂ ಹಗ್ಗ ಬಿಟ್ಟರು.

ಮೇಲೆ ರಾಟೆ ಕಿರ್ರೆಂದಿತು. ಸುಣ್ಣದ ಪುಡಿ ನನ್ನ ತಲೆ ಮೇಲೆ ಸುರಿಯಿತು. ಅಷ್ಟರಲ್ಲಿ ಹಗ್ಗ ಗಕ್ಕನೆ ನಿಂತಿತು. ಕೊನೆಯಲ್ಲಿದ್ದ ಮುದುಕಪ್ಪ ಗೋಡೆಗೆ ಕಾಲು ಕೊಟ್ಟು, ಹಗ್ಗಕ್ಕೆ ಜೋತುಬಿದ್ದು ನಡುಗುತ್ತಿದ್ದ. ಅವನಿಗೆ ಕಿವಿ ಮಂದ.

"ಏನಂತ್ರೋ? ಬಿಡೋದಾ?" ಎಂದ.

ಇಬ್ಬರೂ ಹೌಹಾರಿ ಮತ್ತೆ ಹಗ್ಗ ಹಿಡಿದರು. ನಾನು ಮೇಲೆ ನೋಡಿದೆ. ಪಾದ ಕಾಣಲಿಲ್ಲ. ಧೂಳು. ಆಗ ನಿಮ್ಮ ಮುಖಗಳು ನನ್ನ ಕಣ್ಣ ಮುಂದೆ ಬಂದವು. ಸ್ಕೂಲಿಂದ ಬಂದು ಅಮ್ಮ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ?

"ಅಮ್ಮಾ, ಇದ್ದೀನಿ," ಎಂದಿತು ಮೇಲಿನ ದನಿ. "ಭುಜ ತರಚಿತು, ಅಷ್ಟೇ."

"ಇಳಿದು ಬಾರೇ!" ಆ ಕೂಗು ನನ್ನದು ಎಂದು ನನಗೇ ಗೊತ್ತಾಗಲಿಲ್ಲ.

"ಗುಂಡನ್ನ ಹೀಗೇ ನೇತಾಡೋಕೆ ಬಿಟ್ರೆ ಆಮೇಲೆ..."

"ಬಿಡು ಗಿಡು ಅನ್ನಬೇಡ ಕಣೇ, ಬಾಯಿ ಮುಚ್ಚು!"

ಹಮಾಲರು ನಗಲೋ ಬೇಡವೋ ಎಂದು ನಿಂತರು. ಅವಳು ಇಳಿಯಲಿಲ್ಲ. ಗುಂಡನ್ನು ಹಾಗೆ ಬಿಟ್ಟು ಬಂದರೆ ಯಾರಾದರೂ ಸಾಯುತ್ತಾರೆ ಎಂದಳು, ಅದೂ ನಿಜವೇ. "ಬಿಡಿ" ಎಂಬ ಮಾತನ್ನು ಅಲ್ಲಿ ಯಾರೂ ಎತ್ತಕೂಡದು, "ಇಳಿಸಿ", "ತಡೀರಿ" ಇವೆರಡೇ ಎಂದು ಗೊತ್ತು ಮಾಡಿದರು. ಮುದುಕಪ್ಪನ ಕಿವಿಗೆ ಅದನ್ನು ಮುಟ್ಟಿಸುವವರು ಬೇಕಿತ್ತು. ನಾನು ಡಬ್ಬಿ ಕೆಳಗಿಟ್ಟು ಅವನ ಪಕ್ಕಕ್ಕೆ ಹೋದೆ. ಸೆರಗು ಹೊದ್ದು, ಪರಗಂಡಸಿನ ಕಿವಿಯ ಹತ್ತಿರ ಬಾಯಿಟ್ಟು, "ಇಳಿಸಿ, ತಡೀರಿ" ಎಂದು ಕೂಗಿದೆ. ಗುಂಡು ನೆಲ ಮುಟ್ಟುವವರೆಗೂ ಕೂಗಿದೆ. ಬಾಗಿಲಲ್ಲಿ ಪೇಟೆಯ ಜನ ಸೇರಿದ್ದರು, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರಂತೆ. ನಾನು ನೋಡಲಿಲ್ಲ.

ಈಗ ಗಡಿಯಾರ ನಡೆಯುತ್ತಿದೆ. ನಡೆಯುವ ಗಡಿಯಾರಕ್ಕೆ ವಾರವಾರ ಕೀ ಕೊಡಬೇಕು, ಗುಂಡು ಮತ್ತೆ ಮೇಲೇರಬೇಕು ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಪ್ರತಿ ವಾರವೂ ನಿಮ್ಮಮ್ಮ ಹತ್ತುತ್ತಾಳೆ. ನಾನು ಕೆಳಗೆ ಬಾಗಿಲಲ್ಲಿ ನಿಂತಿರುತ್ತೇನೆ, ಈಗ ನೆಪವೇನೂ ಇಟ್ಟುಕೊಳ್ಳುವುದಿಲ್ಲ. ಅವಳು ಕೆಳಗೆ ಬಂದು ಕೈಯ ಎಣ್ಣೆ ಒರೆಸಿಕೊಳ್ಳುವ ತನಕ ನನ್ನನ್ನು ಯಾರೂ ಮಾತಾಡಿಸಬೇಡಿ.