ಗಾಜಿಲ್ಲದ ಕಪ್ಪತಗುಡ್ಡ

ನೀರಿನ ಬಣ್ಣದಲ್ಲಿ ಬಯಲು, ಗುಡ್ಡ ಬರೆದು ಗದಗ-ಬೆಟಗೇರಿಯಲ್ಲಿ ಹೊಟ್ಟೆ ಹೊರೆಯುತ್ತೇನೆಂದು ಹೊರಟವನಿಗೆ ಬುದ್ಧಿ ನೆಟ್ಟಗಿತ್ತೆಂದು ನಾನೇ ಹೇಳಲಾರೆ. ಜನ ಕೆಟ್ಟವರಲ್ಲ. ಚಿತ್ರವನ್ನು ದೂರ ಹಿಡಿದು, ಹತ್ತಿರ ತಂದು, ಚೆನ್ನಾಗಿಯೇ ನೋಡುತ್ತಿದ್ದರು. ಆಮೇಲೆ ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರು ಕೇಳಿದ್ದನ್ನೇ ಎಲ್ಲರೂ ಕೇಳುತ್ತಿದ್ದರು. "ಎಲ್ಲಾ ಛಲೋ ಐತ್ರಿ. ಇದರಾಗ ದೇವರು ಎಲ್ಲಿ ಅದಾನ?" ಮೂಲೆಯಲ್ಲೊಂದು ಗುಡಿ ಬರೆದುಕೊಟ್ಟಿದ್ದರೆ ಚಿತ್ರ ಹೋಗುತ್ತಿತ್ತು. ನಾನು ಹಟಮಾರಿ, ಬರೆಯಲಿಲ್ಲ. ಹೊಟ್ಟೆಗೆ ಅಂಗಡಿಗಳ ಬೋರ್ಡು ಬರೆದೆ.

ದೇವರಿಲ್ಲದ ಪಟಕ್ಕೆ ಗೋಡೆಯಲ್ಲಿ ಮೊಳೆ ಹೊಡೆದವಳು ಒಬ್ಬಳೇ, ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದ ನನ್ನ ಅಕ್ಕ.

ಆ ಚಿತ್ರ ಬರೆದದ್ದು ಸ್ವಾತಂತ್ರ್ಯ ಬಂದ ಮೊದಲ ಚಳಿಗಾಲದಲ್ಲಿ, ಯಳವತ್ತಿಯ ಎರೆಹೊಲದ ಬದುವಿನಲ್ಲಿ ಕೂತು. ಎದುರಿಗೆ ಕುಸುಬಿ ಹೂ ಬಿಟ್ಟಿತ್ತು, ಅದರಾಚೆ ಬಿಳಿಜೋಳ, ದೂರದಲ್ಲಿ ಮಂಜಿನೊಳಗೆ ಕಪ್ಪತಗುಡ್ಡ. ಆಗ ಲಕ್ಷ್ಮೇಶ್ವರ ಒಬ್ಬ ರಾಜರದು, ಶಿರಹಟ್ಟಿ ಇನ್ನೊಬ್ಬರದು, ಗದಗ ಮುಂಬಯಿಯದು. ಗುಡ್ಡಕ್ಕೆ ಅದರ ಖಬರೇ ಇರಲಿಲ್ಲ. ಥಂಡಿಗೆ ಬಣ್ಣ ಬೇಗ ಆರದೆ, ಮಂಜು ತಾನಾಗಿಯೇ ಕಾಗದದ ಮೇಲೆ ಇಳಿಯಿತು. ಅಂಥದ್ದು ನನ್ನ ಕೈಯಿಂದ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅಕ್ಕ ಕೇಳಿದಳು, ಕೊಟ್ಟೆ. ಅಷ್ಟಗಲದ ಗಾಜು ಆಗ ಸಿಗಲಿಲ್ಲ. ಬರೀ ಚೌಕಟ್ಟು ಹಾಕಿಸಿ, ಗಾಜು ಮುಂದೆ ತರುತ್ತೇನೆ ಎಂದೆ. ಅಕ್ಕ ತವರಿಗೆ ಬಂದಾಗಲೆಲ್ಲ, ಒಂಬತ್ತು ವರ್ಷ, ಅದನ್ನೇ ಎಂದೆ; ಅವಳ ಮನೆಗೆ ಮಾತ್ರ ಹೋಗಲಿಲ್ಲ.

ಏಕೀಕರಣದ ವರ್ಷ ಧಾರವಾಡದಿಂದ, ಚೌಕಟ್ಟು ಹಾಕಿಸುವ ಮೊದಲೇ ಆ ಚಿತ್ರ ನೋಡಿದ್ದ ಹಿರಿಯ ಚಿತ್ರಕಾರರೊಬ್ಬರ ಕಾಗದ ಬಂತು. ಹೊಸ ರಾಜ್ಯದ ಸಂಭ್ರಮಕ್ಕೆ ಪ್ರದರ್ಶನವಿದೆ, ಒಬ್ಬರಿಗೆ ಒಂದೇ ಚಿತ್ರ, ನಿಮ್ಮ ಆ ಗುಡ್ಡದ ಚಿತ್ರ ತನ್ನಿ, ಅದನ್ನು ತೋರಿಸಿ ಚಿತ್ರಕಲೆ ಕಲಿಸುವ ಕೆಲಸಕ್ಕೆ ನಿಮ್ಮ ಹೆಸರು ಹೇಳುತ್ತೇನೆ ಎಂದು ಬರೆದಿದ್ದರು. ನಾನು ಮುಂಡರಗಿಯಲ್ಲಿ ಕಾಳಿನ ಅಂಗಡಿಯೊಂದರ ಬೋರ್ಡು ಬರೆಯುತ್ತಿದ್ದೆ. ಅರ್ಧಕ್ಕೇ ಬಿಟ್ಟು, ಗದಗಿನಲ್ಲಿ ಗಾಜು ಕೊಯ್ಯಿಸಿಕೊಂಡು, ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋದೆ.

ದಸರೆ ಮುಗಿದು ವಾರವಾಗಿತ್ತು. ಮನೆಯೆಲ್ಲ ಹೊಸ ಸುಣ್ಣದ ವಾಸನೆ. ಪಡಸಾಲೆಯಲ್ಲಿ ದೇವರ ಪಟಗಳು ಗಾಜಿನೊಳಗೆ ಥಳಥಳ ಹೊಳೆಯುತ್ತಿದ್ದವು. ಅವುಗಳ ನಡುವೆ ನನ್ನ ಚೌಕಟ್ಟು, ಅದರೊಳಗೆ ಬಿಳಿ ಕಾಗದ. ಕಣ್ಣಿಟ್ಟು ನೋಡಿದರೆ ಗುಡ್ಡದ ನೀಲಿ ಗೆರೆಯೊಂದು ಇತ್ತು. ಆ ನೀಲಿ ಬಣ್ಣ ಕಾಗದಕ್ಕೆ ಕಚ್ಚಿಕೊಳ್ಳುವ ಜಾತಿಯದು. ಕುಸುಬಿ ಇಲ್ಲ, ಜೋಳ ಇಲ್ಲ, ಮಂಜಂತೂ ಇಲ್ಲವೇ ಇಲ್ಲ.

"ಏನಾತಕ್ಕಾ ಇದು?"

ಅಕ್ಕ ನನ್ನನ್ನು ಕೂರಿಸಿ, ನೀರು ಕೊಟ್ಟು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ನಿನಗ ಬಣ್ಣ ಮಾರಿದಾಂವ ಮೋಸ ಮಾಡ್ಯಾನ. ದಸರಾಕ ಎಲ್ಲಾ ಪಟಾ ತೊಳೀತೀವಲ್ಲ, ಇದನ್ನಷ್ಟು ನಾ ಯಾರ ಕೈಯಾಗೂ ಕೊಡಂಗಿಲ್ಲ. ಮೆತ್ತನ್ನ ಹಸಿ ಅರಿವಿ ತಗೊಂಡು ನಾನಽ ಒರಸ್ತೀನಿ. ಮೊದಲನೇ ವರ್ಷನ ಬಣ್ಣ ಬಿಟ್ಟಿತು. ಕಚ್ಚಾ ಬಣ್ಣ ಅದು. ನಿನ್ನ ಹೆಸರು ಕೆಡತದಂತ ಯಾರ ಮುಂದನೂ ಅಂದಿಲ್ಲ. ಬಂದವರಿಗೆ ಹಳೇ ಚಿತ್ರ ಅಂತ ಹೇಳೇನಿ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನೀರಿನ ಬಣ್ಣಕ್ಕೆ ನೀರು ತಾಗಿಸಬಾರದೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಂಬತ್ತು ದಸರೆ ಅವಳು ನನ್ನ ಮಾನ ಕಾಯುತ್ತಾ ಬಂದಿದ್ದಳು. ಆ ಮಾತು ಹೇಳಿದ್ದರೆ ಒಂಬತ್ತು ಸಲ ತಾನೇ ಅಳಿಸಿದೆನೆಂದು ಅವಳಿಗೆ ತಿಳಿಯುತ್ತಿತ್ತು. ಗಾಜು ತಾರದವನು ನಾನು.

"ಹೌದಕ್ಕಾ," ಎಂದೆ. "ಬಣ್ಣಾನ ಕಚ್ಚಾ ಇತ್ತು."

ಅವಳಿಗೆ ನಿರಾಳವಾಯಿತು. ಚೌಕಟ್ಟು ಇಳಿಸಿ ಕೊಟ್ಟಳು. "ಕಾಗದ ಗಟ್ಟಿ ಐತಿ ನೋಡು, ಎಲ್ಲೂ ಹರದಿಲ್ಲ. ಇದರ ಮ್ಯಾಲನ ಇನ್ನೊಮ್ಮಿ ಚಿತ್ರಾ ತಗಿ."

ಮನೆಗೆ ಬಂದು ನೆನಪಿನಿಂದ ಬರೆಯಲು ಕೂತೆ. ತೊಳೆದು ತೊಳೆದು ಅಂಟು ಹೋದ ಕಾಗದ ಇಟ್ಟ ಬಣ್ಣವನ್ನೆಲ್ಲ ಹೀರಿಕೊಂಡು ಕಲೆ ಮಾಡಿತು. ಚಿತ್ರವಿಲ್ಲ ಎಂದು ಧಾರವಾಡಕ್ಕೆ ಕಾರ್ಡು ಹಾಕಿದೆ. ಆ ಕೆಲಸ ಬೇರೆಯವರಿಗೆ ಹೋಯಿತು. ಮುಂಡರಗಿಗೆ ಹೋಗಿ ಅರ್ಧ ಬಿಟ್ಟಿದ್ದ ಬೋರ್ಡು ಮುಗಿಸಿದೆ. ಮತ್ತೆ ಗುಡ್ಡ ಬರೆಯಲಿಲ್ಲ.

ಮುಂದಿನ ದಸರೆಗೆ ಅದೇ ಚೌಕಟ್ಟಿನಲ್ಲಿ, ಬೋರ್ಡಿನ ಎಣ್ಣೆಬಣ್ಣದಲ್ಲಿ ತಗಡಿನ ಮೇಲೆ ಒಂದು ಲಕ್ಷ್ಮಿ ಬರೆದು ಅಕ್ಕನಿಗೆ ಕೊಟ್ಟೆ. ಬದುಕಿರುವವರೆಗೂ ಅವಳು ಅದನ್ನು ವರ್ಷಕ್ಕೊಮ್ಮೆ ತಿಕ್ಕಿ ತೊಳೆದಳು. ಏನೂ ಹೋಗಲಿಲ್ಲ. ಬಂದವರಿಗೆಲ್ಲ ತೋರಿಸಿ, "ನನ್ನ ತಮ್ಮ ಈಗ ಪಕ್ಕಾ ಕಲತಾನ" ಎನ್ನುತ್ತಿದ್ದಳು.